ಕೂದಲೆಳೆಯಷ್ಟು

ಬಿಸಿಲಿಗಿಟ್ಟು ಒಣಗಿಸಿದೆಯಾ? ಅಯ್ಯೋ ಹುಡುಗಾ,
ಉಪ್ಪಿಗೆ ಬೇಕಾಗಿದ್ದೂ ಅದೇ.
ಕಡಲು ಕುಡಿದ ಕ್ಯಾಮೆರಾವನ್ನು
ಸಿಹಿನೀರಲ್ಲಿ ಮುಳುಗಿಸಿಯೇ ತರಬೇಕು,
ಬಕೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸಿನಲ್ಲಿ,
ಜೀವಂತ ಮೀನು ತರುವ ಹಾಗೆ.
ಇರಲಿ, ಕೂತುಕೋ. ಆ ಕುರ್ಚಿ ಬೇಡ, ಕಾಲು ಸಡಿಲ.

ಪೋರ್-ವಾಂದ್ರ್ ಬಂದರಿನಲ್ಲಿ
ಇವನ್ನು ಬಿಚ್ಚುವವಳು ಈಗ ನಾನೊಬ್ಬಳೇ, ಒನೊರೀನ್.
ಬಾಗಿಲ ಮೇಲಿನ ಹಲಗೆಯಲ್ಲಿ ಮಾತ್ರ ಇನ್ನೂ ಅಪ್ಪನ ಹೆಸರು:
ಬಾತಿಸ್ತಾಂ ಪುಜಾದ್, ತಗಡಿನ ಕೆಲಸ.
ಮೀನಿನ ಡಬ್ಬಿಗೆ ಬೆಸುಗೆ ಹಾಕುತ್ತಿದ್ದವನು.
ಒಳಗಿನದು ಹೊರಗೆ ಬಾರದ ಡಬ್ಬಿ
ಇಪ್ಪತ್ತು ವರ್ಷ ಮಾಡಿದವನು
ಹೊರಗಿನದು ಒಳಗೆ ಬಾರದ ಡಬ್ಬಿ ಒಂದನ್ನು ಮಾಡಿದ.

ಅದೋ, ಮೂಲೆಯಲ್ಲಿ. ಎತ್ತಿ ನೋಡು. ಎತ್ತಲಾರೆ.
ಹಿತ್ತಾಳೆ, ಹನ್ನೊಂದು ಕಿಲೋ,
ಹಳೆಯ ಹಡಗಿನ ಕಿಟಕಿಯ ಗಾಜು,
ಸುತ್ತ ಸೈಕಲ್ ಟ್ಯೂಬಿನ ರಬ್ಬರು,
ಬಿಗಿಯಲು ಹದಿನಾಲ್ಕು ಚಿಟ್ಟೆ-ನಟ್ಟು.
ಹಗ್ಗ ಕೈಜಾರಿದರೆ ಅದೇ ಲಂಗರು.

ಅದರ ಪಕ್ಕದ್ದು ಅಲ್ಯೂಮಿನಿಯಂ, ಜರ್ಮನಿಯದು.
ಹೊರಗಿನ ಗುಬುಟಿ ತಿರುವಿದರೆ ಒಳಗಿನ ಗುಬುಟಿ ತಿರುಗುತ್ತದೆ,
ಅತ್ತೆ ಕಣ್ಣು ಹಾಯಿಸಿದರೆ ಸೊಸೆ ಎದ್ದ ಹಾಗೆ.
ಗುಬುಟಿಗೊಂದು ತೂತು, ತೂತಿಗೊಂದು ಭಯ.
ರೋಲಿಗೆ ಹನ್ನೆರಡೇ ಚಿತ್ರ.
ಒಳ್ಳೆಯ ಮೀನು ಬರುವುದು ಹದಿಮೂರನೆಯದಕ್ಕೆ.

ಆಮೇಲೆ ಯಾರಿಗೋ ಹೊಳೆಯಿತು:
ಕ್ಯಾಮೆರಾಕ್ಕೆ ಮನೆ ಕಟ್ಟುವುದೇಕೆ, ಚರ್ಮವನ್ನೇ ಬಿಗಿದರಾಯಿತಲ್ಲ?
ಮೀನು ಕೊಡೆ ಹಿಡಿದು ಓಡಾಡುತ್ತದೆಯೇ?
ಅಂಗೈಯಗಲದ ಕಪ್ಪು ಜೀವ. ಒಂದೇ ಸನ್ನೆ,
ಕ್ಲಿಕ್ಕಿಸುವುದಕ್ಕೂ ಅದೇ, ಸುತ್ತುವುದಕ್ಕೂ ಅದೇ.
ಮಸೂರ ಕಿತ್ತರೆ ಹೊಟ್ಟೆಯೊಳಗಿನದೆಲ್ಲ ಕೈಗೆ ಬರುತ್ತದೆ.
ಮುಳುಗಿದರೆ ತೊಳೆದು, ಎಣ್ಣೆ ಬಿಟ್ಟು, ಮತ್ತೆ ಕಡಲಿಗೆ ಕಳಿಸುತ್ತಿದ್ದೆ.

ನಿನ್ನದು ಕಿತ್ತಳೆ ಬಣ್ಣದ್ದು, ಕೊನೆಯ ಕಾಲದ್ದು.
ಬ್ಯಾಟರಿ ಇದೆ, ಬೆಳಕನ್ನು ತಾನೇ ಲೆಕ್ಕ ಹಾಕುತ್ತದೆ.
ನೀರು ನುಗ್ಗಿದರೆ
ಮೊದಲು ಸಾಯುವುದು ಆ ಲೆಕ್ಕದ ಭಾಗವೇ.

ದೀಪ ಈಚೆ ತಿರುಗಿಸು. ನೋಡು ಈ ಬಳೆ,
ಕಪ್ಪು ರಬ್ಬರಿನದು, ಎರಡು ಫ್ರಾಂಕಿಗೆ ಸಿಗುತ್ತಿತ್ತು.
ಇಳಿದಷ್ಟೂ ಕಡಲು ಒತ್ತುತ್ತದೆ, ಒತ್ತಿದಷ್ಟೂ ಇದು ಬಿಗಿ.
ತನ್ನನ್ನು ತಡೆಯುವ ಬಾಗಿಲನ್ನು ತಾನೇ ಭದ್ರ ಮಾಡುವ ಕಳ್ಳ ಅದು.
ಬೆರಳಿಗೆ ತಿಳಿಯದ ಬಿರುಕು ತುಟಿಗೆ ತಿಳಿಯುತ್ತದೆ,
ಅದಕ್ಕೇ ಹೀಗೆ ಮೇಲ್ತುಟಿಗೆ ಸವರಿ ನೋಡುವುದು.

ಬಿರುಕಿಲ್ಲ. ಕೂದಲು.
ನಿನ್ನದಲ್ಲ, ಇದು ಉದ್ದ, ಹೊಂಬಣ್ಣ.
ಯಾರದೆಂದು ನಾನು ಕೇಳುವುದಿಲ್ಲ.

ನನ್ನದು ಆಗ ಕೆಂಗೂದಲು. ಒಂಬತ್ತು ವರ್ಷ.
ಚಿಕ್ಕಪ್ಪನ ದೋಣಿ ಭೂಶಿರದಾಚೆ ಮುಳುಗಿತ್ತು,
ಸ್ಪೇನಿಗೆ ಮಾರಿಕೊಂಡಿದ್ದೀರಿ ಎಂದರು ವಿಮೆಯವರು, ಸಾಕ್ಷಿ ತನ್ನಿ.
ಮೂತಿಯ ಮೇಲೆ ಬರೆದ ಹೆಸರಿನ ಒಂದು ಚಿತ್ರ ಸಾಕಿತ್ತು.
ಆ ಹಿತ್ತಾಳೆ ಡಬ್ಬಿ ಹುಟ್ಟಿದ್ದು ಅದಕ್ಕೆ, ಕಲೆಗಲ್ಲ.
ಅಪ್ಪ ಹದಿನಾಲ್ಕು ನಟ್ಟು ಬಿಗಿಯುವಾಗ
ಭುಜದ ಮೇಲಿಂದ ಬಗ್ಗಿ ಬಗ್ಗಿ ಎಣಿಸಿದ್ದು ನಾನು.

ಹದಿನೆಂಟು ಮೀಟರ್ ಇಳಿದು
ಡಬ್ಬಿಯ ತುಂಬ ಬೂದುಬಣ್ಣದ ಗಂಜಿ ತಂದ.
ಟ್ಯೂಬು ಹಳತಾಗಿತ್ತು, ಅಂದ. ಅಷ್ಟೇ ಅಂದ.
ಚಿಕ್ಕಪ್ಪ ಮತ್ತೆ ದೋಣಿ ಕೊಳ್ಳಲಿಲ್ಲ,
ರೈಲ್ವೆ ಗೋದಾಮಿನಲ್ಲಿ ಮೂಟೆ ಎಣಿಸಿದ.

ಅಪ್ಪ ಹೋದ ವರ್ಷ, ಮಾರೋಣವೆಂದು ಡಬ್ಬಿ ಬಿಚ್ಚಿದೆ.
ರಬ್ಬರಿನ ಮೇಲೆ, ಒಂಬತ್ತನೇ ನಟ್ಟಿನ ಕೆಳಗೆ,
ಬೆರಳುದ್ದದ ಒಂದು ಕೆಂಪು ಗೆರೆ.
ಅದರ ಮೇಲೇ ಬೇರೆ ಗ್ರೀಸು ಬಳಿದು
ಮತ್ತೆ ಮುಚ್ಚಿಟ್ಟಿದ್ದ, ಮನುಷ್ಯ.

ನಿನ್ನ ಫಿಲ್ಮಿನ ಕಡೆಯ ನಾಲ್ಕು ಚಿತ್ರ ಉಳಿಯಬಹುದು.
ಗುರುವಾರ ಬಾ.
ಹೋಗುವ ಮುಂಚೆ ಆ ಮೊಳೆಯ ಮೇಲಿನ ವಸ್ತ್ರ ಕೊಡು,
ತಲೆಗೆ ಕಟ್ಟಿಕೊಳ್ಳಬೇಕು.
ಬೆಳಿಗ್ಗೆ ಬಿಚ್ಚಿದ್ದೊಂದು ಮುಚ್ಚುವುದು ಬಾಕಿಯಿದೆ.